ಎದುರುಗಾಳಿ ಒಪ್ಪುವುದಿಲ್ಲ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮದುವೆಯಾದ ದಿನದಿಂದ ಅವರು ತೀರಿಕೊಳ್ಳುವ ತನಕ ಅಕ್ಕ ಒಂದು ಸಲವೂ ಅವರ ಹೆಸರು ಹಿಡಿದು ಮಾತಾಡಿದವಳಲ್ಲ. ರೇಷನ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಕಡೆ ಕೈ ತೋರಿಸಿ, "ಅವ್ನು ಏಳ್ತಾನೆ ಬರ್ಕೊಳ್ಳಿ" ಎಂದು ತಲೆ ತಗ್ಗಿಸುತ್ತಿದ್ದಳು. ಅವಳ ಬಾಯಿಗೆ ಬಾರದ ಹೆಸರು ನನ್ನ ಕೈಗೆ ಯಾಕೆ ಬರಬೇಕು? ಬಂಗಾರಪೇಟೆ ಸ್ಟೇಷನ್ ರಸ್ತೆಯ ಹಳಬರಿಗೆ "ಇಮಾನದೋನು" ಎಂದರೆ ಸಾಕು, ಗೊತ್ತಾಗುತ್ತದೆ.

ಕಳೆದ ಆಷಾಢದಲ್ಲಿ ಅವರು ಹೋದರು. ಸಮಾಧಾನ ಹೇಳಲು ಬಂದವರೆಲ್ಲ "ನಿಮ್ಮ ಭಾವ ಒಳ್ಳೆಯ ಮನುಷ್ಯರು" ಎಂದರು. ಒಳ್ಳೆಯವರೇ. ಆದರೆ ಮೊದಲ ಎರಡು ವರ್ಷ ನಾನು ಅವರ ಒಂದು ಮಾತನ್ನೂ ನಂಬಿರಲಿಲ್ಲ. ಆಮೇಲೆ ಪೂರ್ತಿ ನಂಬಿಬಿಟ್ಟೆ ಎಂದರೆ ಅದೂ ಸುಳ್ಳಾದೀತು. ಅನುಮಾನ ಪಟ್ಟದ್ದಕ್ಕೆ ನಾನು ಆಗಲೂ ತಲೆ ತಗ್ಗಿಸಲಿಲ್ಲ, ಈಗಲೂ ಇಲ್ಲ. ಬಾಡಿಗೆ ಸೈಕಲ್ ಅಂಗಡಿ ಇಟ್ಟವನಿಗೆ ಸ್ಪ್ಯಾನರು ಎಷ್ಟು ಮುಖ್ಯವೋ ಅನುಮಾನವೂ ಅಷ್ಟೇ ಮುಖ್ಯ.

ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಸ್ಟೇಷನ್ ಎದುರಿನ ಒಬ್ಬರ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕೂತೆ. ಅಕ್ಕ ಮನೆಯಲ್ಲಿ ಹಪ್ಪಳ, ಸಂಡಿಗೆ ಮಾಡಿ ಹೋಟೆಲುಗಳಿಗೆ ಕೊಡುತ್ತಿದ್ದಳು. ಐವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅದೇ ಸಾಲಿನಲ್ಲಿ ನನ್ನದೇ ಅಂಗಡಿ ಎದ್ದಿತ್ತು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಯಾರ ಕೈಕಾಲೂ ಹಿಡಿದು ಮಾಡಿದ ಅಂಗಡಿಯಲ್ಲ ಅದು.

ಬಾಡಿಗೆ ಗಂಟೆಯ ಲೆಕ್ಕ. ಸ್ಟೇಷನ್ನಿನ ದೊಡ್ಡ ಗಡಿಯಾರ ನಮ್ಮ ಅಂಗಡಿಗೆ ಕಾಣುತ್ತಿತ್ತು, ಹಾಗಾಗಿ ನನ್ನ ಹತ್ತಿರ ಗಡಿಯಾರದ ವಿಷಯದಲ್ಲಿ ಯಾರೂ ಜಗಳ ತೆಗೆಯುವ ಹಾಗಿರಲಿಲ್ಲ. ಮಾರಿಕುಪ್ಪಂ ರೈಲು ತಪ್ಪಿದವರು, ರಾಬರ್ಟ್‌ಸನ್‌ಪೇಟೆಗೆ ಜವಳಿಗೆ ಹೋಗುವವರು, ಊರಿಗಾಂನ ಗಣಿ ಕೂಲಿಗಳ ಲೈನುಗಳಲ್ಲಿ ನೆಂಟರಿರುವವರು ಸೈಕಲ್ ಒಯ್ಯುತ್ತಿದ್ದರು. ತಡವಾಗಿ ಬಂದವರೆಲ್ಲರದೂ ಒಂದೇ ಮಾತು: "ಎದುರುಗಾಳಿ ಅಣ್ಣಾ." ಮ್ಯಾಟಿನಿ ನೋಡಿ ಬಂದವನಿಗೂ ಎದುರುಗಾಳಿ, ಮಾವನ ಮನೆಯಲ್ಲಿ ಕೋಳಿಸಾರು ಉಂಡು ಮಲಗೆದ್ದು ಬಂದವನಿಗೂ ಎದುರುಗಾಳಿ. ಒಬ್ಬನಂತೂ ಗಾಳಿಯೇ ಇಲ್ಲದ ಬೇಸಗೆಯ ಮಧ್ಯಾಹ್ನ, ಎಲೆ ಅಲುಗದ ಹೊತ್ತಿನಲ್ಲಿ ಬಂದು ಎದುರುಗಾಳಿ ಎಂದ. ಅವತ್ತು ತಲೆ ಕೆಟ್ಟು, ಒಂದು ತಗಡಿನ ಮೇಲೆ ನಾನೇ ಬಣ್ಣದಲ್ಲಿ ಬರೆದೆ: "ಎದುರುಗಾಳಿ ಒಪ್ಪುವುದಿಲ್ಲ." ಒಪ್ಪುವುದರ ಒತ್ತಕ್ಷರ ಕೊಂಚ ಸೊಟ್ಟಗಾಯಿತು, ಆದರೂ ಓದಲು ಅಡ್ಡಿಯಿರಲಿಲ್ಲ. ಮೇಲೆ ಮೊಳೆ ಹೊಡೆದು ತಂತಿಯಲ್ಲಿ ನೇತುಹಾಕಿದೆ. ಕೆಳಗೆ ಬಿಗಿಯಲಿಲ್ಲ. ಹಾಗಾಗಿ ಗಾಳಿ ಬಂದರೆ ಆ ಬೋರ್ಡು ಎದ್ದು ಎದ್ದು ಗೋಡೆಗೆ ಬಡಿಯುತ್ತಿತ್ತು.

ಅಕ್ಕನಿಗೆ ಗಂಡು ನೋಡುವಾಗಲೂ ನನ್ನ ಕಣ್ಣು ಅಂಗಡಿಯ ಕಣ್ಣೇ. ಒಂದು ಸಲ ಗಂಡಿನ ಕಡೆಯವರು ನಾಲ್ಕು ಜನ ಸೈಕಲ್ಲಿನಲ್ಲಿ ಬಂದರು. "ಮನೇಲಿ ಎಲ್ರಿಗೂ ಒಂದೊಂದು ಸೈಕಲ್ ಐತೆ" ಎಂದು ಗಂಡಿನ ಚಿಕ್ಕಪ್ಪ ಮೀಸೆ ತಿರುವಿದ. ನಾನು ಎಲೆ ಅಡಿಕೆ ತರುವ ನೆಪದಲ್ಲಿ ಹೊರಗೆ ಬಂದು ಮಡ್‌ಗಾರ್ಡು ನೋಡಿದೆ. ನಂಬರಿನ ಮೇಲೆ ಸಗಣಿ ಮೆತ್ತಿದ್ದರು. ಒರೆಸಿದರೆ ನನ್ನ ಕೈಬರಹ! ನಾಲ್ಕೂ ನನ್ನ ಅಂಗಡಿಯವು. ನಾನಿಲ್ಲದ ಹೊತ್ತು ನೋಡಿ ಕೆಲಸದವನ ಕೈಯಿಂದ ಪಡೆದು ಬಂದಿದ್ದರು. ಆಮೇಲೆ ಇನ್ನೂ ಎರಡು ಸಂಬಂಧ ಬಂದವು, ಎರಡರಲ್ಲೂ ನಾನು ಏನೋ ಹುಡುಕಿದೆ, ಏನೋ ಸಿಕ್ಕಿತು. ಅಕ್ಕನಿಗೆ ಮೂವತ್ತು ದಾಟಿತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

ಅಷ್ಟರಲ್ಲಿ ಇವರು ಬಂದರು.

ಬಂದ ದಿನವೇ ನನಗೆ ಅವರ ಮೇಲೆ ಕಣ್ಣು. ಮದ್ರಾಸಿನ ರೈಲಿನಿಂದ ಇಳಿದು, ಕೈಯಲ್ಲಿ ಒಂದು ಗಂಟು ಹಿಡಿದು, ನೇರ ನನ್ನ ಅಂಗಡಿಯ ಮುಂದೆ ಬಂದು ಬೋರ್ಡು ನೋಡುತ್ತಾ ನಿಂತರು. ಎರಡು ಪದ ಓದಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ. ಸೈಕಲ್ ಬೇಕೇ ಎಂದರೆ ಬೇಡ ಎಂದು ತಲೆಯಾಡಿಸಿದರು.

"ಇದು ಯಾರು ಬರೆದಿದ್ದು?"

"ನಾನೇ."

"ಒಪ್ಪಬಾರದು ಅಪ್ಪಾ," ಎಂದು ಹೇಳಿ ಹೊರಟುಹೋದರು. ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದೆ ಗೇಲಿ ಮಾಡುವವರು ಜಾಸ್ತಿ ಅಪಾಯ ಎಂದುಕೊಂಡೆ.

ಸ್ಟೇಷನ್ ಹಿಂದಿನ ಅಕ್ಕಿ ಮಿಲ್ಲಿನಲ್ಲಿ ಮೂಟೆಗಳ ಮೇಸ್ತ್ರಿಯಾಗಿ ಸೇರಿಕೊಂಡರು. ಕಪ್ಪು ಮೈ, ಅಗಲವಾದ ಅಂಗೈ, ನಡೆಯುವಾಗ ನೆಲವನ್ನೇ ನೋಡುವ ಅಭ್ಯಾಸ. ನಮ್ಮ ಜನವೇ. ಅವರ ತಂದೆ ಹಳ್ಳಿ ಬಿಟ್ಟು ಗಣಿ ಕೂಲಿಗೆ ಹೋಗಿ ಊರಿಗಾಂ ಲೈನಿನಲ್ಲಿ ನೆಲೆಸಿದವರಂತೆ. ಹಾಗಾಗಿ ಇವರ ಮಾತಿನಲ್ಲಿ ತಮಿಳು ಬೆರೆತಿತ್ತು. ಹತ್ತಾರು ವರ್ಷ ಅಸ್ಸಾಮಿನಲ್ಲಿದ್ದೆ, ವಿಮಾನದಲ್ಲಿ ಅಕ್ಕಿ ಸಾಗಿಸುವ, ಇಳಿಯಲು ಜಾಗವಿಲ್ಲದ ಕಡೆ ಮೇಲಿಂದಲೇ ಉದುರಿಸುವ ಒಂದು ಕಂಪನಿಯಲ್ಲಿ ಕೆಲಸ ಎಂದು ಮಿಲ್ಲಿನಲ್ಲಿ ಹೇಳಿದ್ದರು. ಅಷ್ಟು ಸಾಕಾಯಿತು, ಊರು ಇಮಾನದೋನು ಎಂದು ಹೆಸರಿಟ್ಟಿತು.

ಅವರು ಮೂಟೆ ಕಟ್ಟುವುದನ್ನು ನೋಡಲು ಮಿಲ್ಲಿನ ಮುಂದೆ ಜನ ನಿಲ್ಲುತ್ತಿದ್ದರು. ದೂರ ಹೋಗುವ ಅಕ್ಕಿಯಾದರೆ ಚೀಲದೊಳಗೆ ಚೀಲ ಇಟ್ಟು ಕಟ್ಟುತ್ತಿದ್ದರು. ಒಳಗಿನದು ಸಡಿಲ, ಹೊರಗಿನದು ದೊಡ್ಡದು. ಎರಡೆರಡು ಚೀಲ ದಂಡ ಯಾಕೆ ಎಂದು ಕೇಳಿದರೆ, "ಮೇಲಿಂದ ಬಿದ್ರೆ ಒಳಗಿನದು ಅರೀತದೆ, ಹೊರಗಿನದು ಇಡ್ಕೊಳ್ತದೆ" ಎನ್ನುವರು. ಬಂಗಾರಪೇಟೆಯಲ್ಲಿ ಮೇಲಿಂದ ಬೀಳುವ ಅಕ್ಕಿ ಯಾವುದು ಎಂದು ನಾವು ನಗುತ್ತಿದ್ದೆವು. ತಮ್ಮ ಊಟದ ಬುತ್ತಿಯನ್ನೂ ಎರಡು ಬಟ್ಟೆಯಲ್ಲಿ ಸುತ್ತುವ ಮನುಷ್ಯ.

ಸಂಜೆ ಮಿಲ್ಲು ಬಿಟ್ಟ ಮೇಲೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುವರು. ಸೈಕಲ್ ಬಾಡಿಗೆಗೆ ಪಡೆದವರಲ್ಲ, ಸಾಲ ಕೇಳಿದವರಲ್ಲ. ಕೆಲಸವಿಲ್ಲದೆ ಒಬ್ಬ ಮನುಷ್ಯ ದಿನಾ ಒಂದೇ ಕಡೆ ಯಾಕೆ ಕೂರುತ್ತಾನೆ? ಆಗಾಗ ಗಡಿಯಾರ ನೋಡುವರು, ಬೋರ್ಡು ನೋಡುವರು, ಗೂಡ್ಸ್ ಎಂಜಿನ್ನಿನ ಹೊಗೆ ಯಾವ ಕಡೆ ಬಾಗಿದೆ ಎಂದು ನೋಡುವರು. ಮೇಲೆ ವಿಮಾನದ ಸದ್ದು ಕೇಳಿದರೆ ನಾವೆಲ್ಲ ರಸ್ತೆಗೆ ಓಡಿ ಕತ್ತೆತ್ತುತ್ತಿದ್ದೆವು. ಅವರು ಮಾತ್ರ ಕೂತಲ್ಲೇ ಕೂತು, ಕತ್ತೆತ್ತದೆ, ಸದ್ದು ಪೂರ್ತಿ ಮುಗಿಯುವ ತನಕ ಮಾತು ನಿಲ್ಲಿಸುತ್ತಿದ್ದರು. ವಿಮಾನದಲ್ಲಿ ಓಡಾಡಿದವನಿಗೆ ವಿಮಾನ ನೋಡಲು ಬೇಡವೇ? ಇದೂ ನನಗೆ ಸರಿಕಾಣಲಿಲ್ಲ.

ನಮ್ಮ ಎದುರಿಗೆ ಟೀ ಅಂಗಡಿ ಮುನಿಯಪ್ಪನದು. ಬಾಯಿ ಬಿಟ್ಟರೆ ಅರ್ಧ ತೆಲುಗು, ಅರ್ಧ ತಮಾಷೆ. ಒಂದು ಸಂಜೆ ಗ್ಲಾಸು ಹಿಡಿದು ಬಂದವನು ಇವರನ್ನು ಕೆಣಕಿದ.

"ಏಮಪ್ಪಾ ಇಮಾನಂ, ನಿಮ್ಮ ಇಮಾನ ಎಲ್ಲಿಂದ ಎಲ್ಲಿಗೆ? ಮದ್ರಾಸಿಗಾ?"

"ಇಲ್ಲ ಅಪ್ಪಾ. ಜೋರ್ಹಾಟಿಂದ ಪಾಸಿಘಾಟಿಗೆ."

"ಜೋರಾಟನಾ? ಬಯಲಾಟ ನೋಡಿದೀನಿ, ಜೋರಾಟ ಎಲ್ಲೂ ನೋಡಿಲ್ಲ. ಇನ್ನೊಂದೇನು, ಗಾಟಾ? ಮೆಣ್ಸಿನ್‌ಕಾಯಿ ಉರೀತಾರಾ ಅಲ್ಲಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರೂ ಸ್ವಲ್ಪ ನಕ್ಕರು.

"ಎಷ್ಟು ದೂರ ಸ್ವಾಮಿ?" ಎಂದು ನಾನು ಕೇಳಿದೆ.

"ಮೇಲೆ ಓದ್ರೆ ನೂರು ಮೈಲಿ ಚಿಲ್ರೆ. ಕೆಳಗೆ ಓದ್ರೆ ಲೆಕ್ಕ ಸಿಕ್ಕಲ್ಲ. ನಡುವೆ ಸಮುದ್ರದಂಗೆ ನದಿ, ಆಚೆ ಕಾಡು. ದೋಣಿ, ಗಾಡಿ, ನಡಿಗೆ ಎಲ್ಲಾ ಸೇರಿ ವಾರ ಇಡೀತದೆ."

"ಇಮಾನದಾಗೆ?"

"ಓಗೋಕೆ ಮುಕ್ಕಾಲು ಗಂಟೆ. ಬರೋಕೆ ಒಂದು ಗಂಟೆ ದಾಟ್ತದೆ."

ನಾನು ಕೈಯಲ್ಲಿದ್ದ ಚೈನು ಕೆಳಗಿಟ್ಟೆ. ಇಂಥ ಲೆಕ್ಕ ಹೇಳುವವರನ್ನು ದಿನಾ ನೋಡುತ್ತಿದ್ದೆ.

"ಅದೇ ದಾರಿನಾ?"

"ಅದೇ."

"ಅದೇ ಇಮಾನಾನಾ?"

"ಅದೇ."

"ಬರೋವಾಗ ಲೋಡು ಜಾಸ್ತಿನಾ?"

"ಬರೋವಾಗ ಖಾಲಿ ಅಪ್ಪಾ."

"ತುಂಬಿದ ಬಂಡಿ ಬೇಗ, ಖಾಲಿ ಬಂಡಿ ಲೇಟು. ಅದೆಂಗೆ ಸ್ವಾಮಿ?"

ಅವರು ಬೋರ್ಡಿನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದರು: "ಎದುರುಗಾಳಿ."

ಮುನಿಯಪ್ಪ ನಕ್ಕ ನಗುವಿಗೆ ಗ್ಲಾಸಿನ ಟೀ ನನ್ನ ಸೀಟುಗಳ ಮೇಲೆ ಚೆಲ್ಲಿತು. "ಲೋ, ನಿನ್ನ ಬೋರ್ಡು ಇಂಗ್ಲೀಷಲ್ಲೂ ಬರೀಬೇಕಪ್ಪಾ, ಪೈಲಟ್ಟುಗಳು ಓದೋಕೆ!" ಎಂದ. ಆಮೇಲೆ ದನಿ ತಗ್ಗಿಸಿ, ಅವರಿಗೆ ಕೇಳುವ ಹಾಗೆಯೇ, "ಉಳಿದ ಒತ್ತು ಎಲ್ಲೋಯ್ತು ಅಂತೀಯ? ಆಟಿಗೂ ಗಾಟಿಗೂ ಮಧ್ಯೆ ಒಂದು ಮನೆ ಐತೆ. ಮನೇಲಿ ಒಬ್ಳು ಅವ್ಳೆ" ಎಂದು ಕಣ್ಣು ಹೊಡೆದ.

"ಮಧ್ಯೆ ಇಳಿಯೋಕೆ ಜಾಗ ಇಲ್ಲ," ಎಂದಷ್ಟೇ ಹೇಳಿ ಅವರು ಎದ್ದು ಹೋದರು. ತಮಾಷೆಗೆ ತಮಾಷೆ ಹೇಳಬಹುದಿತ್ತು, ಸಿಟ್ಟಾಗಬಹುದಿತ್ತು. ಎರಡೂ ಮಾಡಲಿಲ್ಲ. ಮುನಿಯಪ್ಪ ಆಡಿದ್ದನ್ನು ಮರುದಿನಕ್ಕೆ ಮರೆತ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು.

ಕೂರಲು ಕಾರಣವಿತ್ತು. ಅಕ್ಕ ನನಗೆ ಮಧ್ಯಾಹ್ನದ ಊಟ ತರುತ್ತಿದ್ದವಳು ಈಗೀಗ ಸಂಜೆಯೂ ಬರತೊಡಗಿದ್ದಳು. ಅವಳು ಬಂದರೆ ಅವರು ಸ್ಟೂಲಿನಿಂದ ಎದ್ದು ನಿಲ್ಲುವರು. "ನಾಳೆ ಸಂಡಿಗೆ ಉಯ್ಯಬೌದಾ?" ಎಂದು ಅವಳು ಗೋಡೆಯನ್ನು ಕೇಳುವ ಹಾಗೆ ಕೇಳುವಳು. ಅವರು ಬೋರ್ಡನ್ನೂ ಹೊಗೆಯನ್ನೂ ನೋಡಿ, "ಬೆಳಿಗ್ಗೆ ಬೇಡಮ್ಮಾ, ಧೂಳು ಏಳ್ತದೆ" ಎಂದೋ "ಉಯ್ಯಿ, ತೊಂದ್ರೆ ಇಲ್ಲ" ಎಂದೋ ಹೇಳುವರು. ಅವರು ಹೇಳಿದ ದಿನ ಅವಳ ಸಂಡಿಗೆಗೆ ಮಣ್ಣು ಬೀಳುತ್ತಿರಲಿಲ್ಲ. ನಾನು ಇದನ್ನೆಲ್ಲ ನೋಡುತ್ತಿದ್ದೆ.

ಒಂದು ದಿನ ಮನೆಯಲ್ಲಿ ಮುದ್ದೆ ಬಡಿಸುತ್ತಾ ಅವಳೇ ಎತ್ತಿದಳು.

"ಲೇ, ಅವ್ರನ್ನ ಕೇಳ್ಲಾ."

"ಏನು ಕೇಳ್ಲಿ?"

"ನನ್ನ ಬಾಯಲ್ಲಿ ಏಳುಸ್ತೀಯಾ? ನಾಲ್ಕು ಸೈಕಲ್ಲಿನೋರ್ನ ಓಡಿಸ್ದೆ, ಸರಿ ಮಾಡ್ದೆ. ಆಮ್ಯಾಕೆ ಬಂದೋರ್ನೂ ಓಡಿಸ್ದೆ, ಸುಮ್ಕಿದ್ದೆ. ಈಗ ನಾನೇ ಏಳ್ತಾ ಇವ್ನಿ, ಕೇಳು."

"ಅಕ್ಕಾ, ಆ ಮನುಷ್ಯನ ಲೆಕ್ಕ ಸರಿ ಇಲ್ಲ. ಓಗೋಕೆ ಮುಕ್ಕಾಲು, ಬರೋಕೆ ಒಂದು ಚಿಲ್ರೆ ಅಂತಾರೆ. ನಡುವೆ ಏನೋ ಐತೆ. ಅಸ್ಸಾಮಿನಾಗೆ ಹೆಂಡ್ತಿ ಮಕ್ಕಳು ಇದ್ರೆ?"

"ಇದ್ರೆ ಏಳ್ತಾರೆ. ನೀನು ಕೇಳು ಮೊದ್ಲು."

"ಯಾರಾನ ಏಳ್ತಾರಾ?"

"ಅಂಗಾರೆ ನೀನೇ ಪತ್ತೆ ಮಾಡ್ಕೊಂಡು ಬಾ. ಆದ್ರೆ ಇದೇ ಕೊನೆ ಕಣ್ಲಾ. ಇವ್ರನ್ನೂ ಓಡಿಸಿದ್ರೆ ಇನ್ನ ನಾನು ಯಾರ ಮುಂದೂ ಕಾಫಿ ಲೋಟ ಇಡ್ಕೊಂಡು ನಿಲ್ಲಾಕಿಲ್ಲ." ಹೇಳಿ ಒಲೆಯ ಕಡೆ ತಿರುಗಿ ಕೂತಳು. ಆಮೇಲೆ ಸಾರು ಬಡಿಸಲು ಕೂಡ ತಿರುಗಲಿಲ್ಲ.

ಪತ್ತೆ ಮಾಡಲೆಂದು ಆಷಾಢದ ಒಂದು ಮಧ್ಯಾಹ್ನ ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಊರಿಗಾಂಗೆ ಸೈಕಲ್ ತುಳಿದೆ. ಹೋಗುವಾಗ ತುಳಿದದ್ದೇ ಗೊತ್ತಾಗಲಿಲ್ಲ. ಪಡುವಣ ಗಾಳಿ ಬೆನ್ನಿಗೆ ಕೈಕೊಟ್ಟು ನೂಕುತ್ತಿತ್ತು. ಅದು ಗಾಳಿಯ ಕೆಲಸ ಎಂದು ಅನ್ನಿಸಲಿಲ್ಲ, ನನ್ನ ಸೈಕಲ್ಲು ಅಷ್ಟು ಚೆನ್ನಾಗಿದೆ ಎಂದುಕೊಂಡೆ. ಲೈನುಗಳ ಹತ್ತಿರ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬದಿಂದ ಬಿಳಿ ಹುಡಿ ಎದ್ದು ಕಣ್ಣು ಬಾಯಿ ತುಂಬಿತು. ಕೇಳುತ್ತಾ ಕೇಳುತ್ತಾ ಹೋಗಿ, ಅವರ ತಂದೆ ಇದ್ದ ಸಾಲಿನ ಒಬ್ಬ ಮುದುಕಿಯನ್ನು ಹಿಡಿದೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅವನಾ? ಒಳ್ಳೆ ಪಿಳ್ಳೆ. ಅಣ್ಣನ್ ತಂಬಿ ರೆಂಡು ಪೇರೂ ಪೋನಾಂಗೊ ಅಪ್ಪಾ," ಎಂದಳು. ಅಣ್ಣ ತಮ್ಮ ಇಬ್ಬರೂ ಅಸ್ಸಾಮಿಗೆ ಹೋಗಿದ್ದರಂತೆ. "ದೊಡ್ಡೋನು ಒಬ್ನೇ ವಂದಾನ್. ಚಿಕ್ಕೋನು ಎಲ್ಲಿ ಅಂತ ಕೇಳಿದ್ರೆ ಪೇಚ್ಚೇ ಇಲ್ಲ, ಮಾತೇ ಆಡ್ಲಿಲ್ಲ. ನನ್ನ ಕೈಲಿ ಒಂದು ಲೋಟ ನೀರು ಕುಡ್ದು ಎದ್ದು ಪೋಯ್ಟಾನ್."

ಎರಡು ವರ್ಷ ನನ್ನ ಸ್ಟೂಲಿನ ಮೇಲೆ ಕೂತ ಮನುಷ್ಯ ತಮ್ಮನೊಬ್ಬ ಇದ್ದ ಎಂದು ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ಹುಡುಕಲು ಹೋದವನಿಗೆ ತಮ್ಮ ಸಿಕ್ಕಿದ್ದ, ಅವನೂ ಕಾಣೆ. ಜಗಳವೋ, ಜೈಲೋ, ಇನ್ನೇನೋ? ಏನೇ ಇರಲಿ, ಇವತ್ತು ಸಂಬಂಧ ಮುರಿಯುವುದೇ ಸರಿ ಎಂದು ಸೈಕಲ್ ತಿರುಗಿಸಿದೆ.

ತಿರುಗಿಸಿದ ಮೇಲೆ ಗೊತ್ತಾಯಿತು. ಸಿಟ್ಟಿನಿಂದ ತುಳಿದರೂ ಪೆಡಲು ಇಳಿಯದು. ತಗ್ಗಿನಲ್ಲೂ ಬಿಟ್ಟರೆ ಸೈಕಲ್ಲು ನಿಲ್ಲುತ್ತಿತ್ತು. ಪಂಚೆ ಹಿಂದಕ್ಕೆ ಹಾಯಿಯ ಹಾಗೆ ಉಬ್ಬಿತು. ಎದುರಿನಿಂದ ಬಂದ ಹುಲ್ಲಿನ ಬಂಡಿಯೊಂದು ನನ್ನನ್ನು ದಾಟಿ ಓಡಿತು, ಅದರ ಹುಡುಗ ನನ್ನ ಅವಸ್ಥೆ ನೋಡಿ ಸಿಳ್ಳೆ ಹಾಕಿದ. ಅರ್ಧ ದಾರಿ ಇಳಿದು ನೂಕಿಕೊಂಡೇ ಬಂದೆ. ಬಂಗಾರಪೇಟೆ ಸೇರುವಾಗ ದೀಪ ಹಚ್ಚಿದ್ದರು.

ದೂರದಿಂದಲೇ ಬೋರ್ಡಿನ ಸದ್ದು ಕೇಳಿಸಿತು: ಟಪ್, ಟಪ್. ಅವರು ಸ್ಟೂಲಿನ ಮೇಲೆ ಇರಲಿಲ್ಲ. ರಸ್ತೆಯ ನಡುವೆ ಕಂಬದ ಹಾಗೆ ನಿಂತು, ನಾನು ಬರುವ ದಿಕ್ಕನ್ನೇ ನೋಡುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ಅಕ್ಕ. ಎದುರಿಗೆ ಮುನಿಯಪ್ಪ, ಸೊಂಟದ ಮೇಲೆ ಕೈಯಿಟ್ಟು.

"ಎಲ್ಲಿಗೋಗಿದ್ಯೋ?" ಎಂದಳು ಅಕ್ಕ. "ತಲೆಯೆಲ್ಲಾ ಬೆಳ್ಳಗೆ ಮಾಡ್ಕೊಂಡು ಮುದ್ಕ ಆಗಿ ಬಂದಿದೀಯ! ಇಷ್ಟೊತ್ತು ಯಾರ ಮನೇಲಿದ್ದೆ?"

"ಯಾರ ಮನೇಲೂ ಇರ್ಲಿಲ್ಲ."

"ಮತ್ಯಾಕ್ಲಾ ಲೇಟು?"

ಮುನಿಯಪ್ಪ ಕಾಯುತ್ತಿದ್ದ. "ಏಳಪ್ಪಾ, ಏಳು! ಯಾಕೆ ಲ್ಯಾಟು?" ಎಂದು ಬೋರ್ಡಿನ ಕಡೆ ಗದ್ದ ತೋರಿಸಿದ. ಆ ಮಾತು ನನ್ನ ಗಂಟಲಿನ ತನಕ ಬಂದಿತ್ತು. ನಾನೇ ಬರೆದ ಬೋರ್ಡಿನ ಕೆಳಗೆ ನಿಂತು ಹೇಗೆ ಆಡಲಿ? ನುಂಗಿದೆ.

ಅವರು ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದರು. "ಬಂದ್ಯಲ್ಲಪ್ಪಾ," ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಬಯ್ಯಬೇಡಮ್ಮಾ. ಬೋರ್ಡು ಬಡ್ಕೊಳ್ತಾ ಇಲ್ವಾ? ಎದುರುಗಾಳಿ" ಎಂದರು.

ನನ್ನ ಪರವಾಗಿ ಅವರು ಆ ಮಾತಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಸಿತು. ಹ್ಯಾಂಡಲ್ ಬಿಡಿಸಿಕೊಂಡು ಕೇಳಿಯೇಬಿಟ್ಟೆ.

"ನಿಮ್ಮ ತಮ್ಮ ಎಲ್ಲಿ ಸ್ವಾಮಿ?"

ಮುನಿಯಪ್ಪನ ನಗು ನಿಂತಿತು. ಬೋರ್ಡು ಮಾತ್ರ ಬಡಿಯುತ್ತಿತ್ತು. ಅವರು ಮೆಲ್ಲಗೆ ಹೋಗಿ ಸ್ಟೂಲಿನ ಮೇಲೆ ಕೂತರು.

"ಊರಿಗಾಂಗೆ ಓಗಿದ್ಯಾ?"

"ಊಂ. ಇಮಾನದಾಗೆ ನೀವು ಆಟಿಂದ ಗಾಟಿಗೆ ಓಗ್ತಿದ್ರಲ್ಲಾ, ಆಗ ತಮ್ಮ ಎಲ್ಲಿದ್ದ?"

"ನಾನು ಓಗ್ತಿರ್ಲಿಲ್ಲ ಅಪ್ಪಾ. ನಾನು ಒಂದಿನಾನೂ ಏರಿಲ್ಲ. ನಾನು ಕೆಳಗೆ, ಜೋರ್ಹಾಟಲ್ಲಿ, ಮೂಟೆ ಕಟ್ಟೋನು. ಮೂಟೆ ಜೊತೆ ತಂಬಿ ಏರ್ತಿದ್ದ."

"ಓಗೋಕೆ ಮುಕ್ಕಾಲು ಗಂಟೆ ಅಂದ್ರಿ?"

"ತಂಬಿ ಓಗೋಕೆ."

"ಬರೋಕೆ?"

"ತಂಬಿ ಬರೋಕೆ."

ಯಾರು ಹೋಗಲು, ಯಾರು ಬರಲು ಎಂದು ಅವರು ಎಂದೂ ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ಹೇಳಬೇಕಾಗಿಯೂ ಇಲ್ಲವಲ್ಲ. "ಓಗೋಕೆ ಇಷ್ಟು, ಬರೋಕೆ ಇಷ್ಟು" ಎಂದರೆ ಸಾಕು, ಕೇಳುವವನು ತನಗೆ ಬೇಕಾದವರನ್ನು ಅದರೊಳಗೆ ಕೂರಿಸಿಕೊಳ್ಳುತ್ತಾನೆ. ನಾವೆಲ್ಲ ಸೇರಿ ಅವರನ್ನು ಕೂರಿಸಿದ್ದೆವು.

ಅವರು ನೆಲ ನೋಡುತ್ತಾ ಹೇಳಿದರು. "ಅವ್ರು ಓಗಿ ಇಳಿದ್ರೆ ಇಳಿದ್ರು ಅಂತ ವೈರ್‌ಲೆಸ್ಸಲ್ಲಿ ಬರೋದು. ಅಲ್ಲಿ ಒರಟ್ರೆ ಒರಟ್ರು ಅಂತ ಬರೋದು. ಆಮೇಲೆ ಏನೂ ಬರಲ್ಲ, ಕಾಯ್ಬೇಕು. ಮುಕ್ಕಾಲು ಗಂಟೆ ಆದ್ಮೇಲೆ ಸಣ್ಣಗೆ ಭಯ ಶುರು ಆಗೋದು. ಯಾರಾದ್ರೂ ಎದುರುಗಾಳಿ ಅನ್ನೋರು. ಅಷ್ಟೊತ್ತಿಗೆ ಸದ್ದು ಕೇಳೋದು. ದಿನಾ ಇಂಗೇ. ಒಂದಿನ ಒರಟ್ರು ಅಂತ ಬಂತು. ಒಂದು ಗಂಟೆ ಆಯ್ತು. ಎದುರುಗಾಳಿ ಅಂದ್ರು. ಪೆಟ್ರೋಲು ಮುಗಿಯೋ ಒತ್ತಾಯ್ತು. ಎದುರುಗಾಳಿ ಅಂದ್ರು. ಸೂರ್ಯ ಮುಳುಗಿದ. ಆಫೀಸಿನೋನು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಎದುರುಗಾಳಿ ಇರ್ಬೇಕಪ್ಪಾ ಅಂದ. ನಾನು ಒಪ್ಪಲಿಲ್ಲ."

ಬೋರ್ಡಿನ ಕಡೆ ನೋಡಿದರು. "ಆ ಕಾಡಲ್ಲಿ ಹುಡುಕಿದ್ರೂ ಏನೂ ಸಿಗಲ್ಲ. ಎಷ್ಟೋ ದಿನ ಆದ್ಮೇಲೆ ಊರಿಗೆ ಬಂದೆ. ರೈಲಿಳಿದು ತಲೆ ಎತ್ತಿದ್ರೆ ಎದುರಿಗೆ ನಿನ್ನ ಬೋರ್ಡು."

ಮುನಿಯಪ್ಪ ಒಳಗೆ ಹೋಗಿ ಒಂದು ಟೀ ತಂದು, ಅವರ ಪಕ್ಕ ಇಟ್ಟು, ಬಾಯಿ ತೆರೆಯದೆ ಹಿಂದಕ್ಕೆ ಹೋದ. ಅವನು ಹಾಗೆ ಹೋದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮನೆಗೆ ಬಂದು ಅಕ್ಕನಿಗೆ ನಾನು ಹೇಳಿದ ಮೊದಲ ಮಾತು: "ನೋಡ್ದ್ಯಾ? ನನ್ನ ಅನುಮಾನ ಸರಿ ಆಯ್ತು. ಆ ಮನುಷ್ಯ ಇಮಾನ ಏರೇ ಇಲ್ಲ."

"ಏರಿದೀನಿ ಅಂತ ಅವ್ರು ಯಾವಾಗ್ಲಾ ಅಂದ್ರು?"

"ಎರಡು ವರ್ಷ ಇಮಾನದೋನು ಅಂತ ಕರೆಸ್ಕೊಂಡ್ರಲ್ಲ? ಈಗ ಏಳಿದ್ದಕ್ಕೂ ಸಾಕ್ಷಿ ಏನೈತೆ? ಇದೂ ಒಂದು ಕತೆ ಇರ್ಬೌದು."

ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಕತೆ ಕಟ್ಟೋನು ತಾನು ಮೋಡದಾಗೆ ಓಗಿದ್ದೆ ಅಂತ ಕಟ್ತಾನೆ ಕಣ್ಲಾ. ನೆಲದಾಗೆ ಕುಂತು ಕಾಯ್ತಿದ್ದೆ ಅಂತ ಯಾರ್ಲಾ ಕಟ್ತಾರೆ?"

ಶ್ರಾವಣ ಬರುತ್ತಲೇ ನಾನೇ ಮಿಲ್ಲಿಗೆ ಹೋಗಿ ಕೇಳಿದೆ. ಅವರು ಕಟ್ಟುತ್ತಿದ್ದ ಮೂಟೆಯ ಹಗ್ಗ ಬಿಡದೆ, "ಅಮ್ಮಾವ್ರು ಒಪ್ಪಿದಾರಾ?" ಎಂದರು. "ನಾನು ಒಪ್ಪಿದೀನಿ, ಅದು ಕಷ್ಟದ್ದು," ಎಂದೆ. ಅವರು ನನ್ನ ಎದುರಿಗೆ ಬಾಯ್ತುಂಬ ನಕ್ಕದ್ದು ಅವತ್ತೇ ಮೊದಲು. ಬಂಗಾರು ತಿರುಪತಿಯಲ್ಲಿ ಮದುವೆ. ನಮ್ಮ ಕಡೆಯ ಅರ್ಧ ಜನ ನನ್ನ ಸೈಕಲ್ಲುಗಳಲ್ಲೇ ಬಂದರು, ನಂಬರಿಗೆ ಸಗಣಿ ಮೆತ್ತದೆ.

ಮದುವೆಯಾದ ಮೇಲೂ ನಾನು ಕಣ್ಣು ತೆಗೆಯಲಿಲ್ಲ. ಅವರು ಪೋಸ್ಟಾಫೀಸಿನ ಕಡೆ ಹೋದರೆ ಅಸ್ಸಾಮಿಗೆ ಮನಿಯಾರ್ಡರ್ ಇರಬಹುದೇ ಎಂದು ನೋಡುತ್ತಿದ್ದೆ. ಅವರಿಗೆ ಗೊತ್ತಿತ್ತು. "ಬಾಮೈದ, ಕಾರ್ಡು ತರೋಕೆ ಓಗಿದ್ದೆ," ಎಂದು ಕೇಳುವ ಮೊದಲೇ ಹೇಳುವರು. ಇಮಾನದೋನು ಎಂದು ಕರೆಯಬೇಡಿ ಎಂದು ಜನಕ್ಕೆ ಹೇಳಿಬಿಡುತ್ತೇನೆ ಎಂದರೆ ಬಿಡಲಿಲ್ಲ. "ಅದು ತಂಬಿ ಹೆಸರು. ಕರೀಲಿ ಬಿಡು, ಯಾರಾದ್ರೂ ಒಬ್ರು ಇಟ್ಕೋಬೇಕಲ್ಲ," ಎಂದರು.

ನಾನು ರಾಬರ್ಟ್‌ಸನ್‌ಪೇಟೆಯಿಂದ ತಡವಾಗಿ ಬಂದಾಗಲೆಲ್ಲ ಅವರು ರಸ್ತೆಯಲ್ಲಿ ನಿಂತಿರುವರು. ನನಗೂ ಮದುವೆಯಾದ ಮೇಲೆ, ನನ್ನ ಹೆಂಡತಿ ಬಾಯಿ ತೆರೆಯುವ ಮುಂಚೆಯೇ, "ಗಾಳಿ ಎದುರಿತ್ತಮ್ಮಾ" ಎನ್ನುವರು, ಎಲೆ ಅಲುಗದ ದಿನವೂ. ಅವಳು ನನ್ನನ್ನು ನಂಬಿದಳೋ ಇಲ್ಲವೋ, ಅವರನ್ನು ನಂಬುತ್ತಿದ್ದಳು.

ಅವರ ಕಾರ್ಯದ ದಿನ ಜನ ತುಂಬಿದ್ದರು. ನಿಜ ಹೇಳುತ್ತೇನೆ, ಅವತ್ತೂ ನಾನು ಆಗಾಗ ಬಾಗಿಲ ಕಡೆ ನೋಡುತ್ತಿದ್ದೆ: ಗುರುತಿಲ್ಲದ ಹೆಂಗಸೊಬ್ಬಳು, ಅಸ್ಸಾಮಿನ ಕಡೆಯವಳು, ಮಕ್ಕಳನ್ನು ಕರೆದುಕೊಂಡು ಬಂದಾಳೇ ಎಂದು. ಯಾರೂ ಬರಲಿಲ್ಲ. ಊರಿಗಾಂ ಲೈನಿನಿಂದ ಆ ಮುದುಕಿಯ ಮಗಳು ಬಂದಿದ್ದಳು, ಅಷ್ಟೇ.

ಈಗ ಅಕ್ಕ ಸಂಜೆ ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತಾಳೆ. ಬಾಡಿಗೆ ಸೈಕಲ್ ಕೇಳುವವರು ಈಗ ಕಡಿಮೆ. ನಿನ್ನೆ ಒಬ್ಬ ಒಯ್ದಿದ್ದ. ಹೇಳಿದ ಹೊತ್ತಿಗೆ ಬರಲಿಲ್ಲ. ನಾನು ಗಡಿಯಾರ ನೋಡಿ ಗೊಣಗಲು ಶುರುಮಾಡಿದೆ. ಅಕ್ಕ ರಸ್ತೆಯ ಕಡೆಯೇ ನೋಡುತ್ತಾ, "ಬೋರ್ಡು ಬಡ್ಕೊಳ್ತಾ ಐತೆ, ಕೇಳಾಕಿಲ್ವಾ?" ಎಂದಳು. ಸ್ವಲ್ಪ ಹೊತ್ತಿಗೆ ಅವನು ಬೆವರು ಒರೆಸಿಕೊಳ್ಳುತ್ತಾ ಬಂದು, ಬೋರ್ಡು ನೋಡಿ, ಏನು ಹೇಳುವುದೆಂದು ತಿಳಿಯದೆ ನಿಂತ.

ಬಾಡಿಗೆ ಪೂರ್ತಿ ತೆಗೆದುಕೊಂಡೆ. ಎಲ್ಲಿಗೆ ಹೋಗಿದ್ದೆ ಎಂದು ಮಾತ್ರ ಕೇಳಲಿಲ್ಲ.